ಹಾರ್ಡ್ಲಿ, ಬೇರ್ಲಿ ಮತ್ತು ಅತ್ತೆಯ ಲೋಟ

ಫೆಬ್ರವರಿ 3, ಸೋಮವಾರ

ನನ್ನ ಕೋಣೆಗೆ ಮೊದಲು ಮಂಚ ಬಂತು, ಆಮೇಲೆ ಅತ್ತೆ ಬಂದರು, ಅವರ ಹಿಂದೆಯೇ ವಾಸನೆ ಬಂತು.

ಆ ವಾಸನೆಯನ್ನು ಇಲ್ಲಾದರೂ ಸರಿಯಾಗಿ ಬರೆದಿಡುತ್ತೇನೆ, ಬೇರೆಲ್ಲೂ ಹೇಳುವಂತಿಲ್ಲ. ಆಸ್ಪತ್ರೆಯ ಸ್ಪಿರಿಟ್ಟು, ನೋವಿನ ಮುಲಾಮು, ಬೆವರು, ಇವೆಲ್ಲದರ ತಳದಲ್ಲಿ ಬದಲಾಯಿಸದ ಹೂದಾನಿಯ ನೀರಿನಂಥದ್ದು ಏನೋ ಒಂದು. ಕಿಟಕಿ ತೆರೆದೆ. "ಚಳಿ ಹೊಡೀತದೆ, ಮುಚ್ಚು" ಎಂದರು. ಮುಚ್ಚಿದೆ.

ಮೈದುನನ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಒಳಗೆ ಸ್ಟೀಲಿನ ಪಟ್ಟಿ ಕೂರಿಸಿದ್ದಾರೆ. ಮೈದುನನ ಮನೆಗೆ ಲಿಫ್ಟಿಲ್ಲ, ನಮ್ಮದಕ್ಕೆ ಇದೆ. ಅಷ್ಟಕ್ಕೇ ಅತ್ತೆ ನಮ್ಮ ಪಾಲು. ಅಣ್ಣತಮ್ಮ ಇಬ್ಬರೂ ಹೋಗಿ ಊರಾಚೆಯ ಆರೈಕೆ ಮನೆಯೊಂದರಲ್ಲಿ ಹೆಸರು ಬರೆಸಿ ಬಂದಿದ್ದಾರೆ. ಅಲ್ಲಿ ಹಾಸಿಗೆ ಖಾಲಿಯಾದ ಕೂಡಲೇ ಫೋನ್ ಬರುತ್ತದಂತೆ. ಹಾಸಿಗೆ ಖಾಲಿಯಾಗುವುದು ಹೇಗೆಂದು ಇಬ್ಬರೂ ಬಾಯಿಬಿಡಲಿಲ್ಲ. ಆ ಫೋನ್ ಬರುವವರೆಗೆ ನಾನು ಹಲ್ಲು ಕಚ್ಚಿಕೊಂಡಿರಬೇಕು. ಬಂದ ದಿನ ಕೋಣೆ ಮತ್ತೆ ನನ್ನದು.

ನನ್ನ ಮೇಜನ್ನಾದರೂ ಹೊರಗೆ ಸಾಗಿಸೋಣವೆಂದರೆ ಅದು ಗೋಡೆಗೆ ಬಿಗಿದದ್ದು. ಹಾಗಾಗಿ ನಾನು, ನನ್ನ ಪುಸ್ತಕಗಳು, ಅತ್ತೆ, ಅವರ ಬೆಡ್‌ಪ್ಯಾನು, ಎಲ್ಲರೂ ಒಂದೇ ಸೂರಿನಡಿ, ಒಂದೇ ಗಾಳಿಯಲ್ಲಿ.

ಸಂಜೆ ನೀರು ಕೊಟ್ಟೆ. ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದು ಒಳಗೆ ನೋಡಿದರು. ಮೂಸಿದರು. ಮದುವೆಯಾಗಿ ಬಂದ ಹೊಸತರಿಂದಲೂ ಇದೇ. ನಾನು ತೊಳೆದಿಟ್ಟ ಲೋಟವನ್ನು ಅವರು ಎದ್ದುಹೋಗಿ ಮತ್ತೊಮ್ಮೆ ತೊಳೆಯದೆ ಬಾಯಿಗಿಟ್ಟವರಲ್ಲ. "ಎಂಎ ಓದಿದೋಳು, ಲೋಟ ತೊಳಿಯೋಕೆ ಬರಲ್ಲ" ಎಂಬುದು ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ಕೊಡುತ್ತಿದ್ದ ತಿಂಡಿ. ಈಗ ಏಳುವಂತಿಲ್ಲ. ಕಣ್ಣು ಮುಚ್ಚಿ ಕುಡಿದರು, ಕಷಾಯ ಕುಡಿಯುವ ಮುಖ ಮಾಡಿಕೊಂಡು.


ಫೆಬ್ರವರಿ 6, ಗುರುವಾರ

ಕೆಲಸವೂ ಅದೇ ಕೊಳೆ.

ಪರೀಕ್ಷೆಯ ಗೈಡುಗಳನ್ನು ಅಚ್ಚು ಹಾಕುವ ಪ್ರಕಾಶಕರು ನನಗೊಂದು ಪುಸ್ತಕ ಒಪ್ಪಿಸಿದ್ದಾರೆ: ಒಂದೇ ಅರ್ಥದಂತೆ ಕಾಣುವ ಇಂಗ್ಲಿಷ್ ಕ್ರಿಯಾವಿಶೇಷಣಗಳು, ಅವುಗಳ ನಡುವಿನ ವ್ಯತ್ಯಾಸ, ಕನ್ನಡದಲ್ಲಿ ವಿವರಣೆ, ಪ್ರತಿಯೊಂದಕ್ಕೂ ಉದಾಹರಣೆ ವಾಕ್ಯ. ಕವಿತೆ ಓದಬೇಕೆಂದು ಎಂಎ ಮಾಡಿದೆ. ಸಿಕ್ಕಿದ್ದು ಮಾತಿನ ತಲೆಯಿಂದ ಹೇನು ಹೆಕ್ಕುವ ಕೆಲಸ.

ಇವತ್ತು ‘ಆಲ್ಮೋಸ್ಟ್’ ಮತ್ತು ‘ನಿಯರ್ಲಿ’. ಬೆಳಗಿನಿಂದ ಕೂತು ಬರೆದದ್ದು ಇಷ್ಟು: ನಿಯರ್ಲಿಗೆ ಕಾಲಿದೆ, ಅದು ಗುರಿಯ ಕಡೆಗೆ ನಡೆಯುತ್ತಿರುತ್ತದೆ. ಆಲ್ಮೋಸ್ಟ್ ನಿಂತಲ್ಲೇ ನಿಂತು ಅಳತೆ ಹೇಳುತ್ತದೆ. ‘ಯಾರೂ ಇಲ್ಲ’, ‘ಎಂದೂ ಇಲ್ಲ’ ಎಂಬಂಥ ಮಾತುಗಳ ಪಕ್ಕದಲ್ಲಿ ಆಲ್ಮೋಸ್ಟ್ ಹಾಯಾಗಿ ಕೂರುತ್ತದೆ. ನಿಯರ್ಲಿಗೆ ಅವರ ಸಹವಾಸ ಆಗದು. ಉದಾಹರಣೆ: ರೈಲು ಇನ್ನೇನು ನಿಲ್ದಾಣ ತಲುಪಿತ್ತು. ಮ್ಯಾನೇಜರು ವರದಿಯನ್ನು ಬಹುತೇಕ ಮುಗಿಸಿದ್ದರು. ಸಂದರ್ಶನಕ್ಕೆ ಹೆಚ್ಚುಕಡಿಮೆ ಯಾರೂ ಬರಲಿಲ್ಲ.

ಇಂಥ ವಾಕ್ಯಗಳನ್ನು ಬರೆದ ಕೈಯನ್ನು ಸೋಪು ಹಾಕಿ ತೊಳೆಯಬೇಕು ಅನಿಸುತ್ತದೆ.

‘ಟೋಟಲಿ, ಕಂಪ್ಲೀಟ್ಲಿ, ಎಂಟೈರ್ಲಿ: ಬಹಳಷ್ಟು ಕಡೆ ಮೂರೂ ಒಂದೇ’ ಎಂದು ನಿಜ ಬರೆದು ಕಳಿಸಿದ್ದೆ. ಸಂಪಾದಕರ ಫೋನು ಬಂತು. ಮನೆಯಲ್ಲಿ ನಾವು ಅವರನ್ನು ಗೈಡಪ್ಪ ಎನ್ನುತ್ತೇವೆ.

"ಮೇಡಂ, ಎಲ್ಲಾ ಒಂದೇ ಅಂತ ಬರೆದ್ರೆ ಪುಸ್ತಕ ಯಾರು ಕೊಳ್ತಾರೆ?"

"ಒಂದೇ ಇದ್ರೆ ಏನು ಮಾಡ್ಲಿ?"

"ಕೂದಲೆಳೆಯಷ್ಟು ವ್ಯತ್ಯಾಸ ಹುಡುಕಿ. ಸಿಗ್ಲಿಲ್ಲಾ, ಒಂದು ಕೂದಲು ನೀವೇ ಕಿತ್ತು ಹಾಕಿ. ಮುಖಪುಟದ ಮೇಲೆ ಹೆಸರು ನಿಮ್ದೇ ತಾನೇ?"

ಹೌದು, ನನ್ನದೇ. ಇಷ್ಟು ವರ್ಷಕ್ಕೆ ಮೊದಲ ಸಲ ಮುಖಪುಟದ ಮೇಲೆ ನನ್ನ ಹೆಸರು, ಅದೂ ಕಿತ್ತ ಕೂದಲಿನ ಕೆಳಗೆ.


ಫೆಬ್ರವರಿ 9, ಭಾನುವಾರ

ಅತ್ತೆಯನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಬರುತ್ತಿದ್ದ ಆಯಾ ಬಿಟ್ಟುಹೋದಳು. ಮೈ ಒರೆಸಲು ತಂದ ಬಟ್ಟೆಯನ್ನು ಅತ್ತೆ ಮೂಸಿ, "ಇದರಲ್ಲಿ ನಿಮ್ಮನೆ ನೆಲ ಒರೆಸ್ತೀಯಾ?" ಎಂದು ಕೇಳಿದರಂತೆ. ಅವಳು ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಚಪ್ಪಲಿ ಮೆಟ್ಟಿದಳು. ಏಜೆನ್ಸಿಯವರು ಬೇರೆ ಆಯಾ ಇಲ್ಲ ಎನ್ನುತ್ತಾರೆ. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ.

ಈಗ ಬೆಡ್‌ಪ್ಯಾನು ನನ್ನ ಕೈಗೆ.

ಇವರು ಹೊಸ್ತಿಲ ಆಚೆ ನಿಂತು, ಉಸಿರು ಬಿಗಿಹಿಡಿದ ದನಿಯಲ್ಲಿ "ಅಮ್ಮಾ, ಹೇಗಿದೀಯಾ?" ಎನ್ನುತ್ತಾರೆ. "ಇದೀನಿ" ಎನ್ನುತ್ತಾರೆ ಅತ್ತೆ. ಅಲ್ಲಿಗೆ ಮಗನ ಕರ್ತವ್ಯ ಮುಗಿಯಿತು. ಹೆತ್ತ ತಾಯಿಯ ಕೋಣೆಗೆ ಕಾಲಿಡಲು ಇವರಿಗೆ ಆಗದು. ಅದೇ ಕೋಣೆಯಲ್ಲಿ ಕೂತು ನಾನು ಮಧ್ಯಾಹ್ನದ ಊಟ ಮಾಡಬೇಕು, ಏಕೆಂದರೆ ಎದ್ದು ಹೋದರೆ ಅವರು ಕೂಗುತ್ತಾರೆ.

ಅಸಹ್ಯ, ಹೇಸಿಗೆ, ಜಿಗುಪ್ಸೆ. ಇವುಗಳನ್ನು ಬಿಡಿಸಿ ಬರೆಯಲು ಯಾರೂ ನನಗೆ ಹೇಳಿಲ್ಲ, ನನಗಾಗಿ ಬರೆಯುತ್ತೇನೆ. ಹೇಸಿಗೆ ಮೂಗಿನದು, ಕೈಯದು, ತೊಳೆದರೆ ಹೋಗುತ್ತದೆ. ಅಸಹ್ಯ ಕಣ್ಣಿನದು, ಇವರು ಹೊಸ್ತಿಲಲ್ಲಿ ನಿಂತಾಗ ಆಗುವುದು ಅದು. ಜಿಗುಪ್ಸೆಗೆ ಹೊರಗಿನ ವಸ್ತು ಬೇಕಿಲ್ಲ. ಬೆಡ್‌ಪ್ಯಾನು ತೊಳೆದಿಟ್ಟು, ಕನ್ನಡಿಯಲ್ಲಿ ಮುಖ ನೋಡಿ, ‘ಆ ಫೋನ್ ಇವತ್ತಾದರೂ ಬರಬಾರದೇ’ ಎಂದುಕೊಂಡಾಗ, ಎಂದರೆ ಯಾರೋ ಗುರುತಿಲ್ಲದ ಮುದುಕಿ ಇವತ್ತಾದರೂ ಸಾಯಬಾರದೇ ಎಂದುಕೊಂಡಾಗ, ಬಂದದ್ದು ಜಿಗುಪ್ಸೆ.

ಕಪಾಟಿನಿಂದ ಕವಿತೆಯ ಪುಸ್ತಕ ತೆಗೆದೆ. ಹಾಳೆಗೂ ಮುಲಾಮಿನ ವಾಸನೆ ಹತ್ತಿದೆ.


ಫೆಬ್ರವರಿ 13, ಗುರುವಾರ

ಇವತ್ತೊಂದು ಕೆಲಸ ಮಾಡಿದೆ.

ನೀರು ಕೊಟ್ಟೆ. ಲೋಟವನ್ನು ಬೆಳಕಿಗೆ ಹಿಡಿದು, "ಅಂಚಿನಲ್ಲಿ ಏನೋ ಇದೆ. ಇನ್ನೊಂದ್ಸಲ ತೊಳಿ" ಎಂದರು. ಏನೂ ಇರಲಿಲ್ಲ. ಅಡುಗೆಮನೆಗೆ ಹೋದೆ, ನಲ್ಲಿ ಬಿಟ್ಟೆ, ಲೋಟವನ್ನು ಕೈಯಲ್ಲೇ ಹಿಡಿದು ಸುಮ್ಮನೆ ನಿಂತೆ. ನೀರು ಸಿಂಕಿಗೆ ಸುರಿಯಿತು. ನಲ್ಲಿ ನಿಲ್ಲಿಸಿ ಅದೇ ಲೋಟವನ್ನು, ಅದೇ ನೀರಿನೊಂದಿಗೆ ತಂದುಕೊಟ್ಟೆ.

ನೋಡಿದರು. ಮೂಸಿದರು. "ಹ್ಞಂ, ಈಗ ನೋಡು" ಎಂದು ಕುಡಿದರು.

ಇಡೀ ದಿನ ಒಳಗೊಳಗೇ ನಗು. ‘ಡೆಲಿಬರೇಟ್ಲಿ’, ‘ಇಂಟೆನ್ಷನಲಿ’, ‘ಪರ್ಪಸ್ಲಿ’, ಮೂರನ್ನೂ ಒಂದೇ ಉಸಿರಿಗೆ ಬರೆದು ಮುಗಿಸಿದೆ. ಡೆಲಿಬರೇಟ್ಲಿಯಲ್ಲಿ ಮಾಡುವ ಮುಂಚೆ ತೂಗಿ ನೋಡಿದ ಹೊತ್ತು ಇದೆ. ಇಂಟೆನ್ಷನಲಿಯಲ್ಲಿ ಬರೀ ಉದ್ದೇಶ. ಪರ್ಪಸ್ಲಿಯಲ್ಲಿ ಆ ಉದ್ದೇಶಕ್ಕೊಂದು ಗುರಿ. ಗೈಡಪ್ಪನಿಗೆ ಬೇಕಾದ ಕೂದಲು.

ಉದಾಹರಣೆ ವಾಕ್ಯದೊಳಗೆ ಸೊಸೆಯೊಬ್ಬಳು ಬಂದಳು. ಇರಲಿ, ಯಾರಿಗೆ ಗೊತ್ತಾಗುತ್ತದೆ.


ಫೆಬ್ರವರಿ 18, ಮಂಗಳವಾರ

ಅತ್ತೆಯ ನರಳಾಟದಿಂದ ತಲೆ ಚಿಟ್ಟು ಹಿಡಿದಿದೆ. ಬೆಳಗಿನಿಂದ ಸಂಜೆವರೆಗೆ ಬೆನ್ನ ಹಿಂದೆ ಅದೇ. ಇವರು ಟಿವಿಯ ಮುಂದಿನಿಂದ "ನೋವಿಗೆ ನರಳ್ತಾಳೆ ಪಾಪ, ಬಿಡು" ಎನ್ನುತ್ತಾರೆ. ಕಿವಿಗೆ ಹತ್ತಿ ಇಟ್ಟುಕೊಂಡವರಿಗೆ ಎಲ್ಲವೂ ನೋವೇ. ಉದ್ದಕ್ಕೆ ಎಳೆದ "ಅಮ್ಮಾ" ಎಂದರೆ ಎಡಗಡೆಯ ದಿಂಬು ಜಾರಿದೆ. ಗಂಟಲಲ್ಲೇ ಮುರಿದ "ಹ್ಞಂ" ಎಂದರೆ ಬೆಡ್‌ಪ್ಯಾನು, ತಡಮಾಡಿದರೆ ಹಾಸಿಗೆ ಬದಲಿಸಬೇಕು. "ಅಯ್ಯೋ ನನ್ ಕರ್ಮವೇ" ಎಂದರೆ ನೋವೂ ಇಲ್ಲ, ಏನೂ ಇಲ್ಲ, ನಾನು ಬಹಳ ಹೊತ್ತಿನಿಂದ ತಿರುಗಿ ನೋಡಿಲ್ಲ ಎಂದು. ನಿಜವಾದ ನೋವು ಬಂದಾಗ ಸದ್ದೇ ಇರುವುದಿಲ್ಲ. ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸುತ್ತಾರೆ, ಬಿಡಿಸುತ್ತಾರೆ. ಆ ಬಟ್ಟೆಯ ಸರಸರವನ್ನು ಮೇಜಿನ ಮುಂದೆ ಕೂತೇ ಕೇಳಬೇಕಾದ ಗತಿ ನನಗೆ.

ಊಟವಂತೂ ನೋಡಲಾಗದು. ಹಾಲಲ್ಲಿ ಅದ್ದಿದ ಬ್ರೆಡ್ಡು ಬಾಯಿಯ ಮೂಲೆಯಿಂದ ಇಳಿಯುತ್ತದೆ. ಅಂಚು ತೆಗೆಯದೆ ಕೊಟ್ಟರೆ ಅಗಿದ ಹಾಗೆ ಮಾಡಿ, ನಾನು ಆಚೆ ತಿರುಗಿದಾಗ ದಿಂಬಿನ ಕೆಳಗಿಡುತ್ತಾರೆ. ಇವತ್ತು ದಿಂಬಿನ ಹೊದಿಕೆ ಬದಲಿಸುವಾಗ ಒಣಗಿದ ಅಂಚುಗಳ ರಾಶಿ. ಥೂ! ಇರುವೆ ಬೇರೆ. ಇನ್ನು ಅಂಚು ಕತ್ತರಿಸಿಯೇ ಕೊಡುವುದು.

ಕೆಲಸ: ‘ಹಾರ್ಡ್ಲಿ’, ‘ಬೇರ್ಲಿ’, ‘ಸ್ಕೇರ್ಸ್ಲಿ’. ಬೇರ್ಲಿ ಎಂದರೆ ಆಯಿತು, ಕಷ್ಟಪಟ್ಟು ಆಯಿತು, ಕೂದಲೆಳೆಯಲ್ಲಿ ಆಯಿತು. ಹಾರ್ಡ್ಲಿ ಎಂದರೆ ಆಗಲಿಲ್ಲವೆಂದೇ ಲೆಕ್ಕ. ಸ್ಕೇರ್ಸ್ಲಿ ಹಾರ್ಡ್ಲಿಯ ಓದಿಕೊಂಡ ಅಕ್ಕ, ಪುಸ್ತಕ ಬಿಟ್ಟು ಬೀದಿಗೆ ಬರುವುದಿಲ್ಲ. ಉದಾಹರಣೆ: ಬೆಳಿಗ್ಗೆ ಅವಳು ಎರಡು ಚಮಚ ಸೂಪನ್ನು ಹೇಗೋ ನುಂಗಿದಳು: ಬೇರ್ಲಿ. ಮಧ್ಯಾಹ್ನ ಅವಳು ಏನನ್ನೂ ಮುಟ್ಟಲಿಲ್ಲವೆಂದೇ ಹೇಳಬೇಕು: ಹಾರ್ಡ್ಲಿ.

ಈ ಭಾಗ ಪರವಾಗಿಲ್ಲ ಅನಿಸಿತು. ಮೊದಲ ಸಲ ಕೂದಲು ಕೀಳಬೇಕಾಗಲಿಲ್ಲ.


ಫೆಬ್ರವರಿ 22, ಶನಿವಾರ

ಬೆಳಿಗ್ಗೆ ಕವಿತೆಯ ಪುಸ್ತಕ ಹಿಡಿದು ತುಟಿಯಲ್ಲೇ ಓದಿಕೊಳ್ಳುತ್ತಿದ್ದೆ. ಹಾಸಿಗೆಯಿಂದ ದನಿ.

"ಅದೇನೇ ಗೊಣಗ್ತೀಯಾ? ನನ್ನ ಬೈಯ್ತಿದೀಯಾ?"

"ಪದ್ಯ, ಅತ್ತೆ."

"ಬೈಯೋದಾದ್ರೂ ಜೋರಾಗಿ ಬೈಯಿ, ಪದ್ಯ ಆದ್ರೂ ಜೋರಾಗಿ ಓದು. ಮಧ್ಯೆ ಮಧ್ಯೆ ಗುಸುಗುಸು ಅಂದ್ರೆ ನನಗೆ ನಿದ್ದೆಯೂ ಇಲ್ಲ, ಜಗಳವೂ ಇಲ್ಲ."

ಬೇಕೆಂದೇ ಕಷ್ಟದ ಪದ್ಯ ಆರಿಸಿ ಓದಿದೆ. ಸೂರು ದಿಟ್ಟಿಸುತ್ತಾ ಕೇಳಿದರು. ಮುಗಿದ ಮೇಲೆ, "ಒಂದಕ್ಷರ ಅರ್ಥ ಆಗ್ಲಿಲ್ಲ" ಎಂದರು. ಪುಸ್ತಕ ಮುಚ್ಚಿದೆ. "ಮುಚ್ಚಿದ್ದು ಯಾಕೆ? ಇನ್ನೊಂದ್ಸಲ ಓದು."

ಓದಿದೆ. ಬಾಯಿ ತೆರೆದು ನಿದ್ದೆ ಹೋದರು. ಕೆಳಗಿನ ಹಲ್ಲಿನ ಸಾಲಿನಲ್ಲಿ ಬ್ರೆಡ್ಡು ಸಿಕ್ಕಿಕೊಂಡಿತ್ತು. ಆ ಬಾಯಿಗೂ ಆ ಪದ್ಯಕ್ಕೂ ಎತ್ತಣಿಂದೆತ್ತ ಸಂಬಂಧ. ನಿದ್ದೆ ಬಂದ ಮೇಲೂ ಕೊನೆಯ ಸಾಲುಗಳನ್ನು ಯಾಕೆ ಓದಿದೆನೋ, ಅರ್ಧಕ್ಕೆ ಬಿಡಬಾರದೆಂದು ಇರಬೇಕು.


ಫೆಬ್ರವರಿ 27, ಗುರುವಾರ

ಇವತ್ತು ಲೋಟ ನೋಡಲಿಲ್ಲ. ಕೊಟ್ಟೆ, ಹಾಗೇ ಕುಡಿದರು.


ಫೆಬ್ರವರಿ 28, ಶುಕ್ರವಾರ

ಇವತ್ತೂ ನೋಡಲಿಲ್ಲ. ನಾನೇ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, "ನೋಡಿ ಅತ್ತೆ, ಅಂಚಿನಲ್ಲಿ ಏನೋ ಇರೋ ಹಾಗಿದೆ" ಎಂದೆ.

"ಇರ್ಲಿ ಬಿಡು" ಎಂದರು.

ಇವರಿಗೆ ಹೇಳಿದೆ. "ಒಳ್ಳೇದಾಯ್ತಲ್ಲ, ನಿನಗೂ ಕಾಟ ತಪ್ತು" ಎಂದರು. ಈ ಮನುಷ್ಯನ ಜೊತೆ ಇಷ್ಟು ವರ್ಷ ಹೇಗೆ ಕಳೆದೆ?


ಮಾರ್ಚ್ 1, ಶನಿವಾರ

ಜ್ವರ. ಮೂತ್ರದ ಸೋಂಕು ಎಂದರು ಮನೆಗೆ ಬಂದ ಡಾಕ್ಟರು. "ನಿನ್ನೆ ಮೊನ್ನೆ ಏನಾದ್ರೂ ಬದಲಾವಣೆ ಇತ್ತಾ?" ಎಂದು ಕೇಳಿದರು. ಲೋಟ ನೋಡಲಿಲ್ಲ ಎಂದೆ. ಡಾಕ್ಟರು ನನ್ನ ಕಡೆ ನೋಡಿ, ಆಮೇಲೆ ಇವರ ಕಡೆ ನೋಡಿದರು. ಇವರು ಹೊಸ್ತಿಲಲ್ಲಿ ನಿಂತು ತಲೆ ಕೆರೆದುಕೊಂಡರು.

ಚುಚ್ಚುಮದ್ದು, ಒದ್ದೆ ಬಟ್ಟೆ, ವಾಂತಿ. ವಾಂತಿ ನನ್ನ ತೋಳಿನ ಮೇಲೇ ಆಯಿತು. ಬೆಚ್ಚಗೆ. ಹೇಸಿಗೆಯ ಬಗ್ಗೆ ಒಂಬತ್ತನೇ ತಾರೀಕು ಬರೆದದ್ದು ತಪ್ಪು. ಎಷ್ಟು ತೊಳೆದರೂ ಹೋಗದ ಹೇಸಿಗೆಯೂ ಇದೆ. ಹೊದಿಕೆಯ ಅಂಚು ಮಡಿಸುವ ಸದ್ದು ಇವತ್ತು ಇಲ್ಲ, ಬೆರಳಿಗೆ ಅಷ್ಟೂ ಶಕ್ತಿಯಿಲ್ಲ. ಅದಕ್ಕೇ ಕಿವಿಗೊಟ್ಟು ಕೂತು ಒಂದು ಸಾಲೂ ಬರೆಯಲಾಗಲಿಲ್ಲ. ಹಾಳು ಸದ್ದು, ಇದ್ದರೂ ಕಾಟ, ಇಲ್ಲದಿದ್ದರೂ ಕಾಟ.


ಮಾರ್ಚ್ 5, ಬುಧವಾರ

ಜ್ವರ ಇಳಿದಿದೆ. ಬ್ರೆಡ್ಡು ಬೇಡ ಎಂದು ಮುಖ ತಿರುಗಿಸುವಷ್ಟು ಸುಧಾರಿಸಿದ್ದಾರೆ. ಲೋಟ ಮಾತ್ರ ಇನ್ನೂ ನೋಡುವುದಿಲ್ಲ.

ಗೈಡಪ್ಪನ ಫೋನು.

"ಮೇಡಂ, ಇದೇನು? ಮೊದಲನೇ ಭಾಗದಲ್ಲಿ ರೈಲು, ಆಫೀಸು, ಮ್ಯಾನೇಜರು, ಬಹಳ ಚೆನ್ನಾಗಿತ್ತು. ಆಮೇಲಿಂದ ಪುಸ್ತಕದ ತುಂಬ ಒಬ್ಬಳೇ ಮುದುಕಿ!"

"ಯಾವ ಮುದುಕಿ?"

"ನಾನು ಕೇಳಬೇಕಾದ ಪ್ರಶ್ನೆ ಅದು. ಅವಳು ಹೇಗೋ ನುಂಗಿದಳು, ಅವಳು ಏನೂ ಮುಟ್ಟಲಿಲ್ಲ, ಅವಳು ಕ್ರಮೇಣ ಎಡಕ್ಕೆ ವಾಲಿದಳು, ಅವಳು ಥಟ್ಟನೆ ಮಾತು ನಿಲ್ಲಿಸಿದಳು. ಕೆಲಸಕ್ಕೆ ಪರೀಕ್ಷೆ ಬರೆಯೋ ಹುಡುಗರು ಮೇಡಂ ಇವನ್ನ ಓದೋರು. ಅವರಿಗೆ ಆಸ್ಪತ್ರೆ ಕಂಪೌಂಡಲ್ಲಿ ಕೂತ ಹಾಗಾಗುತ್ತೆ. ಮುದುಕೀನ ತೆಗೀರಿ, ಮ್ಯಾನೇಜರನ್ನ ವಾಪಸ್ ಕರೀರಿ."

ಕಳಿಸಿದ ಹಾಳೆಗಳನ್ನು ತೆಗೆದು ಓದಿದೆ. ಅವರು ಹೇಳಿದ್ದು ನಿಜ. ಇಷ್ಟೊಂದು ಯಾವಾಗ ಬರೆದೆ? ಬೆನ್ನ ಹಿಂದೆ ಒಂದೇ ವಸ್ತುವನ್ನು ಕಟ್ಟಿಹಾಕಿ ಕೂರಿಸಿದರೆ ಬರವಣಿಗೆಗೂ ಅದರ ನಾತ ಹೊಡೆಯುತ್ತದೆ, ಬೇರೇನು. ತಿದ್ದಲು ಕೂತೆ. ‘ಮ್ಯಾನೇಜರು ಎರಡು ಚಮಚ ಸೂಪನ್ನು ಹೇಗೋ ನುಂಗಿದರು.’ ‘ಮ್ಯಾನೇಜರು ಹೊದಿಕೆಯ ಅಂಚನ್ನು ಮೆಲ್ಲಗೆ ಮಡಿಸಿದರು.’ ಎರಡು ವಾಕ್ಯ ಬರೆಯುವಷ್ಟರಲ್ಲಿ ಆ ಮ್ಯಾನೇಜರನ ಮೇಲೆ ಎಂಥ ಅಸಹ್ಯ ಬಂತೆಂದರೆ ಹಾಳೆ ಹರಿದು ಬುಟ್ಟಿಗೆ ಹಾಕಿದೆ.


ಮಾರ್ಚ್ 8, ಶನಿವಾರ

ಫೋನ್ ಬಂತು.

ಹಾಸಿಗೆ ಖಾಲಿಯಾಗಿದೆಯಂತೆ. ನಾಳೆ ಬಂದು ನೋಡಿ ಒಪ್ಪಿಗೆ ಹೇಳಿದರೆ ಸೋಮವಾರ ಕರೆದುಕೊಂಡು ಹೋಗಲು ಗಾಡಿ ಕಳಿಸುತ್ತಾರೆ. ಮೈದುನ ಆಗಲೇ ಫೋನಿನಲ್ಲಿ, "ಅತ್ತಿಗೆ, ಇನ್ನು ನೀವು ಸ್ವಲ್ಪ ಉಸಿರಾಡಿ" ಎಂದು ಔದಾರ್ಯ ತೋರಿಸಿದ. ಇವರು ಹೊಸ್ತಿಲಲ್ಲಿ ನಿಂತು ತಾಯಿಗೆ ಹೇಳಿದರು, ಎಲ್ಲಿಗೋ ಪ್ರವಾಸಕ್ಕೆ ಕಳಿಸುವ ದನಿಯಲ್ಲಿ. "ಅಲ್ಲಿ ನರ್ಸುಗಳೇ ಇರ್ತಾರಮ್ಮಾ, ಇಪ್ಪತ್ನಾಲ್ಕು ಗಂಟೆ."

"ಒಳ್ಳೇದಾಯ್ತು" ಎಂದರು ಅತ್ತೆ. "ಇವಳ ಕೈಯಲ್ಲಿ ತೊಳಿಸ್ಕೊಳ್ಳೋದಕ್ಕಿಂತ ವಾಸಿ."

ಇವರು ಹೋದರು. ನಾನು ಬೆಡ್‌ಪ್ಯಾನು ತೆಗೆದುಕೊಂಡು ಹೊರಟಿದ್ದೆ. ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು.

"ಅಲ್ಲಿ ಲೋಟ ಯಾರು ತೊಳೀತಾರೆ?"

"ಅವರ ಜನ ಇರ್ತಾರೆ ಅತ್ತೆ."

"ಹ್ಞಂ."

ಈ ‘ಹ್ಞಂ’ ಬೆಡ್‌ಪ್ಯಾನಿನದಲ್ಲ. ಇದುವರೆಗೆ ಕೇಳಿದ ಯಾವುದೂ ಅಲ್ಲ. ಏನೆಂದು ಗೊತ್ತಾಗಲಿಲ್ಲ, ಬಾತ್‌ರೂಮಿನಲ್ಲಿ ನಿಂತು ಸುಮಾರು ಹೊತ್ತು ಯೋಚಿಸಿದೆ. ನನಗೇನು, ಸೋಮವಾರ ಕೋಣೆ ನನ್ನದು. ಮೊದಲು ಪರದೆ ಒಗೆಯಬೇಕು. ಆಮೇಲೆ ಕಿಟಕಿ ತೆರೆದಿಡಬೇಕು, ಎಷ್ಟು ದಿನ ಬೇಕಾದರೂ.


ಮಾರ್ಚ್ 9, ಭಾನುವಾರ

ಹೋಗಿ ಬಂದೆವು.

ಹೊರಗಿನಿಂದ ಚೊಕ್ಕಟ. ಕುಂಡಗಳು, ಸುಣ್ಣ ಬಳಿದ ಗೋಡೆ, ಬಾಗಿಲಲ್ಲಿ ಫಿನಾಯಿಲಿನ ಘಾಟು. ಒಳಗೆ ಉದ್ದನೆಯ ಹಜಾರ, ಎರಡೂ ಬದಿ ಹಾಸಿಗೆ. ಎಲ್ಲರ ತಲೆಗೂದಲನ್ನೂ ಒಂದೇ ಮಟ್ಟಕ್ಕೆ ಕತ್ತರಿಸಿದ್ದಾರೆ, ಬಾಚಲು ಅನುಕೂಲವಂತೆ. ಎಲ್ಲರೂ ಗೋಡೆಯ ಟಿವಿಯ ಕಡೆ ತಿರುಗಿದ್ದಾರೆ, ಟಿವಿಯಲ್ಲಿ ಯಾರೋ ಕಾರು ಮಾರುತ್ತಿದ್ದಾರೆ. ಮೇಟ್ರನ್ ನಮ್ಮನ್ನು ಮೇಜಿನ ಮುಂದೆ ಕೂರಿಸಿದಳು. ಅವಳ ಉಗುರಿನ ಬಣ್ಣ ಅರ್ಧರ್ಧ ಎದ್ದುಹೋಗಿತ್ತು.

"ಊಟ ಮಾಡ್ತಾರಾ?"

"ಬ್ರೆಡ್ಡಿನ ಅಂಚು ತೆಗೆದು ಕೊಟ್ಟರೆ ತಿನ್ತಾರೆ" ಎಂದೆ. "ಅಂಚು ಇದ್ದರೆ ತಿಂದ ಹಾಗೆ ಮಾಡಿ ದಿಂಬಿನ ಕೆಳಗಿಡ್ತಾರೆ. ಸೂಪು ಬೆಳಿಗ್ಗೆ ಆದರೆ ಹೋಗುತ್ತೆ, ಮಧ್ಯಾಹ್ನ—"

"ಮಾಡ್ತಾರೆ" ಎಂದು ಬರೆದುಕೊಂಡಳು. "ನೋವಾದ್ರೆ ಹೇಳ್ತಾರಾ?"

"ಅಮ್ಮಾ ಅಂದ್ರೆ ನೋವಲ್ಲ, ಅದು ದಿಂಬು. ನೋವಾದಾಗ ಮಾತಾಡಲ್ಲ. ಕೈ ನೋಡ್ಬೇಕು, ಹೊದಿಕೆ ಅಂಚನ್ನ..."

"ಮೇಡಂ, ಹೌದು ಅಥವಾ ಇಲ್ಲ. ಅಷ್ಟು ಸಾಕು ನಮಗೆ."

"ಎರಡೂ ಅಲ್ಲ."

ಇವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಮೇಟ್ರನ್ ನಕ್ಕಳು, ಕೆಟ್ಟ ನಗುವೇನಲ್ಲ, ದಣಿದ ನಗು. "ಕರ್ಕೊಂಡು ಬರೋರೆಲ್ಲಾ ಮೊದಲು ಹೀಗೇ ಹೇಳ್ತಾರೆ. ಒಂದು ವಾರ ಕಳೀಲಿ. ಆಮೇಲೆ ಎಲ್ಲಾ ಅಜ್ಜೀರೂ ಒಂದೇ."

ಹೊರಡುವಾಗ ಕಂಡದ್ದು. ಹಜಾರದ ತುದಿಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ, ನೀಲಿ ಪ್ಲಾಸ್ಟಿಕ್ ಟಬ್ಬು. ಅದರ ತುಂಬ ಬೂದುಬಣ್ಣದ ನೀರು, ಮೇಲೆ ಅನ್ನದ ಅಗಳು ತೇಲುತ್ತಿವೆ. ಕೆಲಸದವಳೊಬ್ಬಳು ಎಲ್ಲರ ಎಂಜಲು ಲೋಟಗಳನ್ನೂ ಅದರಲ್ಲಿ ಅದ್ದಿ, ಎತ್ತಿ, ಕೊಡವಿ, ಕವುಚಿಡುತ್ತಿದ್ದಳು. ಅದ್ದಿ, ಎತ್ತಿ, ಕೊಡವಿ. ಹಾಗೇ ನೋಡುತ್ತಾ ನಿಂತೆ. ಅದೇ ಲೋಟಗಳಲ್ಲಿ ಒಂದನ್ನು ತುಂಬಿಸಿ ಹಾಸಿಗೆಯೊಂದಕ್ಕೆ ಕೊಟ್ಟರು. ಆ ಹಾಸಿಗೆಯ ಹೆಂಗಸು ನೋಡಲಿಲ್ಲ, ಮೂಸಲಿಲ್ಲ. ಕುಡಿದಳು.

ಅಂಗಳಕ್ಕೆ ಓಡಿ ಕುಂಡದ ಪಕ್ಕ ಕಕ್ಕಿಕೊಂಡೆ.

"ಬೇಡ" ಎಂದೆ ಇವರಿಗೆ.

"ಏನು ಬೇಡ?"

"ಇಲ್ಲಿ ಬೇಡ."

"ಕಳಿಸಿ, ಕಳಿಸಿ ಅಂತ ತಿಂಗಳಿಂದ ತಲೆ ತಿಂದೋಳು ನೀನೇ ಅಲ್ವೇನೇ?"

"ಹೌದು. ಆಗ ಟಬ್ಬು ನೋಡಿರಲಿಲ್ಲ."

"ಟಬ್ಬಿನ ನೀರು ಬದಲಾಯಿಸಿ ಅಂತ ಹೇಳೋಣ ಬಿಡು! ಅಷ್ಟಕ್ಕೆಲ್ಲ..."

ದಾರಿಯುದ್ದಕ್ಕೂ ಮೈದುನನ ಫೋನು. "ಅತ್ತಿಗೆ, ಈಗ ಬಿಟ್ಟರೆ ಮತ್ತೆ ಸಿಗಲ್ಲ, ಯೋಚನೆ ಮಾಡಿ." ಯೋಚನೆ ಮಾಡುವಂಥದ್ದು ಏನೂ ಇಲ್ಲ. ಇದು ಶುದ್ಧ ನೈರ್ಮಲ್ಯದ ಪ್ರಶ್ನೆ. ಆ ನೀರನ್ನು ಕಂಡ ಯಾರೇ ಆದರೂ ಇದನ್ನೇ ಹೇಳುತ್ತಿದ್ದರು. ಆ ಮೇಟ್ರನ್ ಉಗುರೂ ಸರಿಯಿರಲಿಲ್ಲ.


ಮಾರ್ಚ್ 10, ಸೋಮವಾರ

ಗಾಡಿ ಬರಲಿಲ್ಲವಲ್ಲ ಎಂದು ಅತ್ತೆ ಬೆಳಗಿನಿಂದ ಬಾಗಿಲು ನೋಡುತ್ತಿದ್ದರು. ತಲೆ ತಾವೇ ಬಾಚಿಕೊಂಡಿದ್ದರು, ಹಿಂದುಗಡೆ ಹಾಗೇ ಸಿಕ್ಕುಸಿಕ್ಕು.

"ಗಾಡಿ ಬರಲ್ಲ" ಎಂದೆ. "ಬೇಡ ಅಂದೆ."

"ಯಾಕೆ?"

"ಅಲ್ಲಿ ನೀರು ಕೊಳಕು."

"ನಿಮ್ಮನೆ ನೀರೇನು ಮಹಾ!" ಎಂದರು.

ಇವರಿಗೂ ಹೇಳಿಬಿಟ್ಟೆ: ನಾಳೆಯಿಂದ ಬೆಳಗಿನ ಬೆಡ್‌ಪ್ಯಾನು ನಿಮ್ಮದು, ಮೈದುನ ಶನಿವಾರ, ಭಾನುವಾರ ಬಂದು ಇಲ್ಲೇ ಇರಬೇಕು, ಮಧ್ಯಾಹ್ನದ ಹೊತ್ತು ನನಗೆ ಬರವಣಿಗೆಯಿದೆ. "ನನಗೆ ಆಗಲ್ಲ ಕಣೇ, ನಿಂಗೊತ್ತು, ಹೊಟ್ಟೆ ತೊಳಸುತ್ತೆ" ಎಂದರು. "ತೊಳಸಲಿ, ಸಾಯಲ್ಲ" ಎಂದೆ.


ಮಾರ್ಚ್ 11, ಮಂಗಳವಾರ

ಇವರು ಹೊಸ್ತಿಲು ದಾಟಿದರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಬ್ಯಾಂಕು ದೋಚಲು ಬಂದವರ ಹಾಗೆ. ಬಾತ್‌ರೂಮಿನಲ್ಲಿ ಓಕರಿಸುವ ಸದ್ದು ಕೇಳಿ ಅತ್ತೆಗೆ ನಗು. "ಇವನ ಬಟ್ಟೆ ನಾನೆಷ್ಟು ಒಗೆದಿಲ್ಲ" ಎಂದರು. ನಗುವಾಗ ಸೊಂಟ ನೋಯುತ್ತದೆ. ಹೊದಿಕೆಯ ಅಂಚು ಹಿಡಿದುಕೊಂಡೇ ನಕ್ಕರು.

ಮಧ್ಯಾಹ್ನ ಗೈಡಪ್ಪನಿಗೆ ಹೇಳಿದೆ, ಮುದುಕಿಯನ್ನು ತೆಗೆಯಲಾಗುವುದಿಲ್ಲ, ಬೇಕಾದರೆ ನೀವೇ ಮ್ಯಾನೇಜರನ್ನು ಹಾಕಿಕೊಳ್ಳಿ.

"ಮ್ಯಾನೇಜರು ಬ್ರೆಡ್ಡಿನ ಅಂಚನ್ನ ಗುಟ್ಟಾಗಿ ದಿಂಬಿನ ಕೆಳಗಿಟ್ಟರು ಅಂತ ಹೇಗೆ ಅಚ್ಚು ಹಾಕ್ಲಿ ಮೇಡಂ?" ಆಮೇಲೆ ದನಿ ತಗ್ಗಿಸಿ, "ಅಂದ ಹಾಗೆ, ಈಗ ಹೇಗಿದಾರೆ ಅವರು?" ಎಂದರು.

ಅದು ಅವರ ಕೆಲಸವಲ್ಲ. ಆದರೂ ಹೇಳಿದೆ. ಹೇಳುತ್ತಾ ಹೋದೆ, ಚಹಾ ಆರಿಹೋಯಿತು.


ಮಾರ್ಚ್ 17, ಸೋಮವಾರ

ಫಿಸಿಯೊ ಹುಡುಗಿ ಬಂದು ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದಳು. ಕುರ್ಚಿಯೆಂದರೆ ನನ್ನ ಕುರ್ಚಿ, ಇನ್ನೆಲ್ಲಿ ಕೂರಿಸುವುದು? ನನ್ನ ಮೇಜಿನ ಮುಂದೆ, ನನ್ನ ಹಾಳೆಗಳ ಮೇಲೆ ಮೊಣಕೈ ಊರಿಕೊಂಡು ಅತ್ತೆ ಕೂತರು. ನಾನು ಮಂಚದ ಅಂಚಿನಲ್ಲಿ. ಮುಲಾಮಿನ ಕೈ ‘ಅಟ್ ಲಾಸ್ಟ್’, ‘ಫೈನಲಿ’, ‘ಇವೆಂಚುವಲಿ’ಗಳ ಮೇಲೆ ಜಿಡ್ಡಿನ ಗುರುತು ಬಿಟ್ಟಿದೆ. ಅಸಹ್ಯ. ಅಷ್ಟನ್ನೂ ಮತ್ತೆ ಬರೆಯಬೇಕು.

ನೀರು ಕೇಳಿದರು. ತಂದುಕೊಟ್ಟೆ.

ಕಿಟಕಿಯ ಕಡೆ ತಿರುಗಿದರು. ಕೈ ಮೇಲೆತ್ತಲು ಸಮಯ ಹಿಡಿಯಿತು. ಲೋಟವನ್ನು ಬೆಳಕಿಗೆ ಹಿಡಿದರು. ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. ಮೂಸಿದರು.

"ಇದನ್ನ ತೊಳ್ದಿದೀಯಾ?"

"ತೊಳ್ದಿದೀನಿ ಅತ್ತೆ."

"ಎಂಎ ಓದಿದೋಳು" ಎಂದರು. "ಇನ್ನೊಂದ್ಸಲ ತೊಳಿ."

ಥೂ, ಮತ್ತೆ ಶುರು. ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಬೂದಿಯೋ ಜಿಡ್ಡೋ ಏನೂ ಇರದ ಲೋಟ. ಹೊಸ ಸ್ಪಂಜು ತೆಗೆದು, ಸೋಪು ಹಾಕಿ, ಒಳಗೆ, ಹೊರಗೆ, ತಳಕ್ಕೆ, ಅಂಚಿಗೆ ಉಜ್ಜಿದೆ. ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಸದ್ದು ಕೋಣೆಯವರೆಗೂ ಕೇಳಬೇಕು, ಇಲ್ಲದಿದ್ದರೆ ಅವರು ನಂಬುವುದಿಲ್ಲ. ಲೋಟ ಚೊಕ್ಕವಾದ ಮೇಲೂ ಇನ್ನೂ ಸ್ವಲ್ಪ ಹೊತ್ತು ನೀರನ್ನು ಹಾಗೇ ಬಿಟ್ಟಿದ್ದೆ.